ಓದುಗರ ಪ್ರಶ್ನೆ, ನಮ್ಮ ಉತ್ತರ: ಎನ್‌ಬಿಎ ಆಟಗಾರರು ಮತ್ತು ವೀಕ್ಷಕ ವಿವರಣೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ನಾಲ್ಕು ಸಾಲಿನ ಉತ್ತರಕ್ಕೆ ನಿರೀಕ್ಷೆ ಮೀರಿ ಪತ್ರಗಳು ಬಂದಿರುವುದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಈಗಿರುವ ವೀಕ್ಷಕ ವಿವರಣೆಗಾರರಲ್ಲಿ ಮೈಕ್ ಬ್ರೀನ್ ಅವರೇ ಮೇಲು ಎಂದು ತಾವು ಬರೆದಿದ್ದೀರಿ. ಮೂರು ಅಂಕ ತರುವ ದೂರದ ಎಸೆತ ಬಿದ್ದಾಗ ‘ಬ್ಯಾಂಗ್’ ಎಂದು ಕೂಗುವುದರಲ್ಲಿ ಅಂಥ ಹೆಚ್ಚುಗಾರಿಕೆ ಏನಿದೆ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೂಗುವುದರಲ್ಲಿ ಏನೂ ಇಲ್ಲ. ಎಲ್ಲಿ ಕೂಗಬೇಕು, ಅದಕ್ಕೆ ಮೊದಲು ಎಷ್ಟು ಮಾತು ಸಾಕು ಎಂಬುದರಲ್ಲಿ ಎಲ್ಲವೂ ಇದೆ. 2013ರ ಜೂನ್ 18ರಂದು ಮಯಾಮಿಯಲ್ಲಿ ನಡೆದ, ಏಳು ಪಂದ್ಯಗಳ ಅಂತಿಮ ಸರಣಿಯಾದ ಫೈನಲ್ಸ್‌ನ ಆರನೇ ಪಂದ್ಯವನ್ನೇ ತೆಗೆದುಕೊಳ್ಳಿ. ಸರಣಿಯಲ್ಲಿ 3–2ರಿಂದ ಮುಂದಿದ್ದ ಸ್ಯಾನ್ ಆಂಟೋನಿಯೊ ತಂಡ ಆ ಪಂದ್ಯದಲ್ಲೂ 95–92ರಿಂದ ಮುಂದಿತ್ತು. ಪ್ರಶಸ್ತಿ ಪ್ರದಾನಕ್ಕಾಗಿ ಅಂಗಣದ ಸುತ್ತ ಹಳದಿ ಹಗ್ಗ ಹಿಡಿದು ಸಿಬ್ಬಂದಿ ನಿಂತಾಗಿತ್ತು. ಮಯಾಮಿ ತಂಡದ ಲೆಬ್ರಾನ್ ಜೇಮ್ಸ್ ಅವರ ಎಸೆತ ತಪ್ಪಿತು. ಚೆಂಡನ್ನು ಕ್ರಿಸ್ ಬಾಷ್ ಹಿಡಿದರು, ಬಲಮೂಲೆಗೆ ಹಿಂದಡಿ ಇಡುತ್ತ ಸರಿದಿದ್ದ ರೇ ಅಲೆನ್ ಅವರಿಗೆ ಕೊಟ್ಟರು, 5.2 ಸೆಕೆಂಡು ಉಳಿದಿರುವಾಗ ಸ್ಕೋರು ಸಮವಾಯಿತು. ಇಷ್ಟಕ್ಕೆ ಬ್ರೀನ್ ಬಳಸಿದ್ದು ಬೆರಳೆಣಿಕೆಯ ಪದಗಳನ್ನು: ರಿಬೌಂಡ್ (ಎಸೆತ ತಪ್ಪಿ ಹಿಂದೆ ಬಂದ ಚೆಂಡು) ಹಿಡಿದವರ ಹೆಸರು, ಎಸೆದವರ ಹೆಸರು, ಅದು ಮೂರಂಕದ ಎಸೆತ ಎಂಬ ಸೂಚನೆ, ಆಮೇಲೆ ‘ಬ್ಯಾಂಗ್’, ಕೊನೆಗೆ ಸ್ಕೋರು ಸಮವಾದದ್ದು ಮತ್ತು ಉಳಿದ ಸಮಯ. ವಿಶೇಷಣ ಎಂಬುದು ಒಂದೂ ಇಲ್ಲ. ‘ಅದ್ಭುತ’, ‘ನಂಬಲಸಾಧ್ಯ’ ಎಂಬ ಮಾತುಗಳನ್ನು ನೋಡುವವರ ಬಾಯಿಗೇ ಬಿಟ್ಟು, ನಮಗೆ ತಿಳಿಯಬೇಕಾದ ಸಂಗತಿಗಳನ್ನಷ್ಟೇ ಅವರು ಕೊಟ್ಟರು. ಮಯಾಮಿ ಆ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಗೆದ್ದು, ಏಳನೆಯದನ್ನೂ ಗೆದ್ದು ಪ್ರಶಸ್ತಿ ಪಡೆಯಿತು.

ಇನ್ನೊಂದು ನಿದರ್ಶನ 2016ರ ಫೆಬ್ರುವರಿ 27ರದು. ಓಕ್ಲಹೋಮಾ ಸಿಟಿಯಲ್ಲಿ, ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ, ಗೋಲ್ಡನ್ ಸ್ಟೇಟ್ ತಂಡದ ಸ್ಟೆಫ್ ಕರಿ ಅಂಗಣದ ನಡುಗೆರೆ ದಾಟಿದವರೇ ಸುಮಾರು 37 ಅಡಿ ದೂರದಿಂದ ಎಸೆದು ಪಂದ್ಯವನ್ನು 121–118ಕ್ಕೆ ಮುಗಿಸಿದರು. ಅಂದು ಬ್ರೀನ್ ಎರಡು ಸಲ ‘ಬ್ಯಾಂಗ್’ ಎಂದರು. ಎರಡನೆಯದು ಬಾಯಿಪಾಠದ ಮಾತಲ್ಲ, ಮೂರು ದಶಕಗಳ ಅನುಭವವಿದ್ದ ಮನುಷ್ಯನಿಗೇ ತಡೆಯಲಾಗದೆ ಹೊರಬಿದ್ದದ್ದು ಎಂದು ಕೇಳಿದವರಿಗೆಲ್ಲ ಗೊತ್ತಾಗುತ್ತದೆ. ಒಂದು ಪದವನ್ನು ವರ್ಷಗಟ್ಟಲೆ ಜಿಪುಣತನದಿಂದ ಖರ್ಚು ಮಾಡಿದವರಿಗೆ ಮಾತ್ರ ಅದನ್ನು ಒಮ್ಮೆ ಎರಡಾಗಿ ಕೊಡುವ ಅವಕಾಶ ಸಿಗುತ್ತದೆ. ದಿನವೂ ಅರಚುವವರಿಗೆ ಅಂಥ ಕ್ಷಣ ಬಂದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಮೈಕಲ್ ಜೋರ್ಡನ್ ಫೈನಲ್ಸ್‌ಗೆ ಆರು ಸಲ ಹೋಗಿ ಆರೂ ಸಲ ಗೆದ್ದರು. ಲೆಬ್ರಾನ್ ಹತ್ತು ಸಲ ಹೋಗಿ ಆರು ಸಲ ಸೋತರು. ಇನ್ನೂ ಚರ್ಚೆ ಏಕೆ? ಮನೆಯಲ್ಲಿ ನನ್ನ ಮಗ ಒಪ್ಪುತ್ತಿಲ್ಲ.
ಓದುಗರೊಬ್ಬರು, ದಾವಣಗೆರೆ

ಉತ್ತರ: ತಮ್ಮ ಮಗನ ಪರವಾಗಿ ಒಂದು ಮಾತು ಹೇಳಲು ಅನುಮತಿ ಕೊಡಿ. ಈ ಲೆಕ್ಕದ ಪ್ರಕಾರ ಫೈನಲ್ಸ್‌ವರೆಗೆ ಹೋಗಿ ಸೋಲುವುದು ಅವಮಾನ, ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಗುವುದು ಲೆಕ್ಕಕ್ಕೇ ಇಲ್ಲ. ಜೋರ್ಡನ್ ಅವರು 1985, 1986 ಮತ್ತು 1987ರಲ್ಲಿ ಮೂರು ವರ್ಷವೂ ಮೊದಲ ಸುತ್ತಿನಲ್ಲೇ ಸೋತವರು. 1986ರಲ್ಲಿ ಬಾಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿಯೂ ಸೋತರು. ಅದು ಅವರ ತಪ್ಪಾಗಿರಲಿಲ್ಲ, ತಂಡ ಅಷ್ಟೇ ಇತ್ತು. ಅದೇ ರಿಯಾಯಿತಿಯನ್ನು 2007ರ ಫೈನಲ್ಸ್‌ನಲ್ಲಿ ಸೋತ ಲೆಬ್ರಾನ್ ಅವರಿಗೂ ಕೊಡಬೇಕಲ್ಲವೆ? ಪ್ರಶಸ್ತಿಯ ಉಂಗುರಗಳನ್ನೇ ಎಣಿಸುವುದಾದರೆ 11 ಸಲ ಗೆದ್ದ ಬಿಲ್ ರಸೆಲ್ ಇಬ್ಬರಿಗಿಂತಲೂ ಮೇಲಾಗುತ್ತಾರೆ, ಏಳು ಸಲ ಗೆದ್ದ ರಾಬರ್ಟ್ ಹೋರಿ ಜೋರ್ಡನ್ ಅವರಿಗಿಂತ ಮೇಲಾಗುತ್ತಾರೆ. ಹೋರಿ ಅವರೇ ಇದನ್ನು ಒಪ್ಪಲಾರರು.

ಇಷ್ಟೆಲ್ಲ ಹೇಳಿಯೂ ನನ್ನ ಆಯ್ಕೆ ಜೋರ್ಡನ್ ಅವರೇ, ಆದರೆ ಕಾರಣ ಬೇರೆ. ಅವರು ಆಡುತ್ತಿದ್ದ ಕಾಲದಲ್ಲಿ ಅವರನ್ನು ಕಾಯುವ ಎದುರಾಳಿಗಳು ಮೈಮೇಲೆ ಕೈಯೂರಿ ತಡೆಯಬಹುದಿತ್ತು. ಆ ತಡೆಯ ನಡುವೆಯೂ ಗಾಳಿಯಲ್ಲಿದ್ದಾಗ ಮನಸ್ಸು ಬದಲಿಸುವ ಶಕ್ತಿ ಅವರಿಗಿತ್ತು. 1991ರ ಫೈನಲ್ಸ್‌ನ ಎರಡನೇ ಪಂದ್ಯದಲ್ಲಿ ಬಲಗೈಯಲ್ಲಿ ಎತ್ತಿದ ಚೆಂಡನ್ನು ಮೇಲಿದ್ದಂತೆಯೇ ಎಡಗೈಗೆ ಬದಲಿಸಿ ಹಾಕಿದ್ದನ್ನು, ಅದಕ್ಕೆ ವಿವರಣೆಗಾರ ಮಾರ್ವ್ ಆಲ್ಬರ್ಟ್ ತೆಗೆದ ಉದ್ಗಾರದ ಸಮೇತ, ಮಗನಿಗೆ ತೋರಿಸಿ. ಲೆಬ್ರಾನ್ ಅವರ ಪರ ಅವನು 2016ರ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಸ್ಕೋರು 89–89 ಇದ್ದಾಗ ಹಿಂದಿನಿಂದ ಓಡಿಬಂದು ಆಂಡ್ರೆ ಇಗ್ವೊಡಾಲಾ ಅವರ ಎಸೆತವನ್ನು ಬ್ಯಾಕ್‌ಬೋರ್ಡಿಗೆ ಅಪ್ಪಳಿಸಿ ತಡೆದದ್ದನ್ನು ತೋರಿಸಲಿ. ಮುಂದಿನದು ತಮ್ಮ ಮನೆಯ ವಿಷಯ.

ಪ್ರಶ್ನೆ: ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು ಎನ್ನುತ್ತಾರೆ. ಚಿತ್ರೀಕರಣವೇ ಇಲ್ಲವಂತೆ. ನಂಬುವುದು ಹೇಗೆ?
ವಿದ್ಯಾರ್ಥಿ, ಹಾಸನ

ಉತ್ತರ: ಕಣ್ಣಿಗೆ ಸಾಕ್ಷಿ ಇಲ್ಲ, ಕಿವಿಗೆ ಇದೆ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ, 4,124 ಪ್ರೇಕ್ಷಕರ ಮುಂದೆ, ವಿಲ್ಟ್ ಅವರ ಫಿಲಡೆಲ್ಫಿಯಾ ತಂಡ ನ್ಯೂಯಾರ್ಕನ್ನು 169–147ರಿಂದ ಸೋಲಿಸಿತು. ಟೆಲಿವಿಷನ್ ಅಲ್ಲಿಗೆ ಬಂದಿರಲಿಲ್ಲ. ಆದರೆ ಬಿಲ್ ಕ್ಯಾಂಪ್‌ಬೆಲ್ ಅವರು ರೇಡಿಯೊಗಾಗಿ ವಿವರಣೆ ಕೊಡುತ್ತಿದ್ದರು. ನಾಲ್ಕನೇ ಅವಧಿಯ ಆ ವಿವರಣೆ ಅದೇ ರಾತ್ರಿ ಮರುಪ್ರಸಾರವಾದಾಗ ವಿದ್ಯಾರ್ಥಿಯೊಬ್ಬ ಟೇಪಿಗೆ ಹಿಡಿದುಕೊಂಡದ್ದರಿಂದ ಇಂದಿಗೂ ಉಳಿದಿದೆ. ಎದುರಾಳಿಯ ತಪ್ಪಿಗೆ ಸಿಗುವ, ತಲಾ ಒಂದು ಅಂಕದ ಫ್ರೀ ಥ್ರೋಗಳಲ್ಲಿ ಸದಾ ಎಡವುತ್ತಿದ್ದ ವಿಲ್ಟ್ ಆ ಋತುವಿನಲ್ಲಿ ಚೆಂಡನ್ನು ಎರಡೂ ಕೈಯಲ್ಲಿ ಕೆಳಗಿನಿಂದ ತೂರುತ್ತಿದ್ದರು, ಅಂದು 32ರಲ್ಲಿ 28 ಬಿದ್ದವು. ನೂರರಲ್ಲಿ ಇಪ್ಪತ್ತೆಂಟು ಅಂಕ ಹಾಗೆ ಬಂದದ್ದು. ವಿವರಣೆಗಾರನೊಬ್ಬ ಸರಿಯಾಗಿ ಕೆಲಸ ಮಾಡಿದರೆ ಅರವತ್ತು ವರ್ಷ ದಾಟಿದ ಮೇಲೂ ಹಾಸನದಲ್ಲಿ ಕುಳಿತವರಿಗೆ ಆ ಅಂಗಣದ ಗದ್ದಲ ಕೇಳಿಸುತ್ತದೆ. ಹುಡುಕಿ ಕೇಳಿ.

ಪ್ರಶ್ನೆ: ಒಂದೇ ಒಂದು ಚಾಂಪಿಯನ್‌ಷಿಪ್ ಗೆಲ್ಲದ ಚಾರ್ಲ್ಸ್ ಬಾರ್ಕ್ಲಿ ಸ್ಟುಡಿಯೊದಲ್ಲಿ ಕುಳಿತು ಎಲ್ಲರನ್ನೂ ಟೀಕಿಸುವುದು ಸರಿಯೆ?
ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: 1993ರಲ್ಲಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದು, ಅದೇ ವರ್ಷ ಫೈನಲ್ಸ್‌ನಲ್ಲಿ ಜೋರ್ಡನ್ ಅವರ ತಂಡದೆದುರು ಸೋತವರು ಅವರು. ಟೀಕಿಸುವ ಹಕ್ಕು ಅವರಿಗೆ ಧಾರಾಳವಾಗಿದೆ. ದೂರದಿಂದ ಎಸೆಯುವುದನ್ನೇ ನಂಬಿದ ತಂಡ ಚಾಂಪಿಯನ್ ಆಗಲಾರದು ಎಂದು ಅವರು ಹಟ ಹಿಡಿದಿದ್ದರು, 2015ರಲ್ಲಿ ಕರಿ ಅವರ ಗೋಲ್ಡನ್ ಸ್ಟೇಟ್ ತಂಡ ಅದನ್ನು ಸುಳ್ಳು ಮಾಡಿತು. ತಪ್ಪಾದರೂ ಅದು ಆಟದ ಬಗ್ಗೆ ಹೇಳಿದ ಮಾತು. ನನ್ನ ಆಕ್ಷೇಪ ಇರುವುದು ಬೇರೆ ಕಡೆ: ಎದುರುಬದುರು ಕುಳಿತು ‘ಯಾರು ಹೇಡಿ, ಯಾರು ಗಂಡೆದೆಯವನು’ ಎಂದು ಗಂಟೆಗಟ್ಟಲೆ ಕಚ್ಚಾಡುವ ಕಾರ್ಯಕ್ರಮಗಳಲ್ಲಿ ಹಿಂದಿನ ರಾತ್ರಿಯ ಒಂದು ಪಾಸ್ ಕೂಡ ಚರ್ಚೆಗೆ ಬರುವುದಿಲ್ಲ. ಅವುಗಳ ಧ್ವನಿ ಇಳಿಸಿಬಿಡುತ್ತೇನೆ.

ಪ್ರಶ್ನೆ: ನಿಕೋಲಾ ಯೋಕಿಚ್ ಸರಿಯಾಗಿ ಜಿಗಿಯುವುದಿಲ್ಲ, ಓಡುವುದೂ ನಿಧಾನ. ಇವರನ್ನು ಈ ಕಾಲದ ಶ್ರೇಷ್ಠ ಆಟಗಾರ ಎನ್ನುವುದು ಅತಿಯಾಯಿತಲ್ಲವೆ?
ಓದುಗರೊಬ್ಬರು, ಮಂಗಳೂರು

ಉತ್ತರ: ತಮಗೆ ಅನ್ನಿಸಿದ್ದೇ ತಂಡಗಳ ಆಯ್ಕೆಗಾರರಿಗೂ ಅನ್ನಿಸಿತ್ತು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2014ರಲ್ಲಿ, ಸರ್ಬಿಯಾದ ಈ ಹುಡುಗನ ಹೆಸರು 41ನೆಯದಾಗಿ ಬಂದಾಗ ಟೆಲಿವಿಷನ್‌ನಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಆಮೇಲೆ 2021, 2022 ಮತ್ತು 2024ರಲ್ಲಿ ಅತ್ಯಮೂಲ್ಯ ಆಟಗಾರ, 2023ರಲ್ಲಿ ಡೆನ್ವರ್ ತಂಡಕ್ಕೆ ಅದರ ಮೊದಲ ಪ್ರಶಸ್ತಿ. 2024–25ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 29.6 ಅಂಕ, 12.7 ರಿಬೌಂಡ್, 10.2 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್), ಬುಟ್ಟಿಯ ಬಳಿ ಆಡುವ ಸೆಂಟರ್ ಸ್ಥಾನದ ಆಟಗಾರರೊಬ್ಬರು ಇಡೀ ಋತುವಿನಲ್ಲಿ ಮೂರರಲ್ಲೂ ಎರಡಂಕಿಯ ಸರಾಸರಿ ಕಾಯ್ದುಕೊಂಡದ್ದು ಅದೇ ಮೊದಲು.

ಮುಂದಿನ ಸಲ ಚೆಂಡನ್ನು ನೋಡದೆ ಅವರ ತಲೆಯನ್ನು ನೋಡಿ. ಚೆಂಡು ಕೈಗೆ ಬರುವ ಮೊದಲೇ ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡಿರುತ್ತಾರೆ. ಬಂದ ಮೇಲೆ ಎಡಕ್ಕೆ ನೋಡುತ್ತ ಬಲಕ್ಕೆ ಕೊಡುತ್ತಾರೆ. ಕೊಟ್ಟ ಜಾಗದಲ್ಲಿ ಆಗ ಯಾರೂ ಇರುವುದಿಲ್ಲ, ಚೆಂಡು ತಲುಪುವ ಹೊತ್ತಿಗೆ ಜೊತೆಗಾರ ಅಲ್ಲಿರುತ್ತಾನೆ. ಕ್ಯಾಮೆರಾ ಮತ್ತು ವಿವರಣೆ ಎರಡೂ ಚೆಂಡಿನ ಬೆನ್ನು ಹತ್ತಿರುವುದರಿಂದ ಈ ಆಟದ ಮುಕ್ಕಾಲು ಪಾಲು ಅವುಗಳ ಕಣ್ತಪ್ಪಿ ನಡೆಯುತ್ತದೆ. ಬ್ರೀನ್ ಅವರಂಥವರೂ ಇಲ್ಲಿ ಒಂದು ಕ್ಷಣ ಹಿಂದುಳಿಯುತ್ತಾರೆ.

ಪ್ರಶ್ನೆ: ವಿವರಣೆಗಾರರು ಒಂದು ತಂಡದ ಪರ ವಹಿಸುವುದು ತಪ್ಪಲ್ಲವೆ?
ಓದುಗರೊಬ್ಬರು, ಬೆಳಗಾವಿ

ಉತ್ತರ: ದೇಶಕ್ಕೆಲ್ಲ ಮಾಡುವ ಪ್ರಸಾರದಲ್ಲಿ ತಪ್ಪು. ಊರಿನ ತಂಡಕ್ಕಾಗಿ ಊರಿನವರು ಮಾಡುವ ಪ್ರಸಾರದಲ್ಲಿ ಅದು ಉಪ್ಪಿನ ಹಾಗೆ. 1965ರ ಏಪ್ರಿಲ್ 15ರಂದು ಬಾಸ್ಟನ್ ಒಂದೇ ಅಂಕದಿಂದ ಮುಂದಿದ್ದಾಗ ಜಾನ್ ಹ್ಯಾವ್ಲಿಚೆಕ್ ಎದುರಾಳಿಯ ಪಾಸನ್ನು ಕಸಿದರು. ಬಾಸ್ಟನ್ನಿನ ರೇಡಿಯೊ ವಿವರಣೆಗಾರ ಜಾನಿ ಮೋಸ್ಟ್ ತಮ್ಮ ಒಡಕು ದನಿಯಲ್ಲಿ ಅದನ್ನೇ ಮತ್ತೆ ಮತ್ತೆ ಕೂಗಿದ್ದನ್ನು ಬಾಸ್ಟನ್ನಿನವರು ಇಂದಿಗೂ ಮರೆತಿಲ್ಲ. ಅವರು ಪಕ್ಷಪಾತವನ್ನು ಮುಚ್ಚಿಡಲಿಲ್ಲ, ಹಾಗಾಗಿ ಯಾರಿಗೂ ಮೋಸವಾಗಲಿಲ್ಲ.

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್‌ಗೆ ಕನ್ನಡದಲ್ಲಿ ವಿವರಣೆ ಕೊಡಲು ಸಾಧ್ಯವೆ? ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆಟದ ವೇಗಕ್ಕೆ ಒಗ್ಗುವುದಿಲ್ಲ ಎನ್ನುತ್ತಾರೆ.
ಕನ್ನಡ ಅಧ್ಯಾಪಕಿ, ಮಂಡ್ಯ

ಉತ್ತರ: ಮೇಡಂ, ಬಂದ ಪತ್ರಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ತಮ್ಮದು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿದರಲ್ಲ, ಅಂಥ ಪಂದ್ಯವನ್ನು ಕನ್ನಡದಲ್ಲಿ ಹೇಗೆ ಹೇಳಬಹುದು ಎಂದು ನಾನೂ ಯೋಚಿಸಿದ್ದೇನೆ. ಚೆಂಡು ಒಬ್ಬರ ಕೈಯಲ್ಲೇ ಇರುವಷ್ಟು ಹೊತ್ತು ತಾವು ತರಗತಿಯಲ್ಲಿ ಕಲಿಸುವ ಅವ್ಯಯ ಕೃದಂತಗಳೇ ಸಾಕು: ಹಿಡಿದು, ತಿರುಗಿ, ಏಮಾರಿಸಿ, ಜಿಗಿದು. ಕೊನೆಯ ಕ್ರಿಯಾಪದಕ್ಕಾಗಿ ಕೇಳುಗರು ಕಾಯುವಂತೆ ಮಾಡುವ ಈ ಕಟ್ಟಡ ಅಡ್ಡಿಯಲ್ಲ, ಕಬಡ್ಡಿಯ ಕನ್ನಡ ವಿವರಣೆಯಲ್ಲಿ ಅದರ ಲಾಭವನ್ನು ಕೇಳಿದ್ದೇವೆ. ತೊಡಕು ಬರುವುದು ಚೆಂಡು ಕೈ ಬದಲಿಸಿದಾಗ, ಏಕೆಂದರೆ ಆಗ ಕರ್ತೃ ಬದಲಾಗುತ್ತಾನೆ, ಸರಪಳಿ ಕಡಿಯುತ್ತದೆ. ಅಲ್ಲಿ ಕ್ರಿಯಾಪದವನ್ನೇ ಬಿಟ್ಟು ವಿಭಕ್ತಿ ಪ್ರತ್ಯಯಗಳಿಗೆ ಕೆಲಸ ಒಪ್ಪಿಸಬೇಕು. ಶಿವಮೊಗ್ಗದ ಓದುಗರಿಗೆ ಹೇಳಿದ ಅಲೆನ್ ಅವರ ಎಸೆತವನ್ನು ನಾನು ಹೇಳುವುದಾಗಿದ್ದರೆ ಹೀಗೆ ಹೇಳುತ್ತಿದ್ದೆ: ‘ರಿಬೌಂಡ್ ಬಾಷ್ ಕೈಗೆ, ಅಲ್ಲಿಂದ ಮೂಲೆಯ ಅಲೆನ್‌ಗೆ, ಮೂರಂಕಕ್ಕೆ... ಬಿತ್ತು! ಸಮ ಸಮ, ಉಳಿದದ್ದು ಐದು ಸೆಕೆಂಡು.’