ಫೌಂಡ್ರಿ ಕಾರ್ಮಿಕರ ಆರೋಗ್ಯ: ಯೋಗಕ್ಕಿಂತ ಮೊದಲು ಏನು?

ಬೆಳಗಾವಿ ಉದ್ಯಮಬಾಗದ ನಿಮ್ಮ ಫೌಂಡ್ರಿಯಲ್ಲಿ (ಲೋಹ ಕರಗಿಸಿ ಮರಳಿನ ಅಚ್ಚಿಗೆ ಸುರಿಯುವ ಕಾರ್ಖಾನೆ) 80 ಜನ ಇದ್ದಾರೆ, ಪಾಳಿ ಬಿಟ್ಟ ಮೇಲೆ ಯೋಗ ಇಟ್ಟರೆ ಯಾರೂ ನಿಲ್ಲುವುದಿಲ್ಲ, ತಪಾಸಣೆಗೂ ಹಿಂಜರಿಯುತ್ತಾರೆ ಎಂದು ಬರೆದಿದ್ದೀರಿ. ಎಂಟು ತಾಸು ಕುಲುಮೆ ಮುಂದೆ ಬೆಂದವರಿಗೆ ಊರಿನ ಬಸ್ಸು ಹಿಡಿಯುವ ಅವಸರ ಇರುತ್ತದೆ. ಏನೇ ಮಾಡಿದರೂ ಪಾಳಿಯೊಳಗೆ, ಪಗಾರ ಕಡಿಯದೆ ಮಾಡಿ.

ನಾನಾದರೆ ನೀರಿನಿಂದ ಶುರು ಮಾಡುತ್ತೇನೆ. ಬಿಸಿಯಲ್ಲಿ ದುಡಿಯುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿ.ಲೀ. ಕುಡಿಯಬೇಕು. ತಾಸಿಗೆ ಒಂದೂವರೆ ಲೀಟರ್ ದಾಟಬಾರದು, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಕ್ಯಾನನ್ನು ಆಫೀಸಿನ ಬಾಗಿಲಲ್ಲಿ ಇಟ್ಟರೆ ಲೋಹ ಸುರಿಯುವವರು ಅಲ್ಲಿಯತನಕ ನಡೆದು ಹೋಗುವುದಿಲ್ಲ. ಸುರಿಯುವ ಜಾಗದಿಂದ ಸುರಕ್ಷಿತ ಅಂತರದಲ್ಲಿ, ಆದರೆ ಹತ್ತಿರವೇ ಇರಲಿ. ಹೊಸಬರನ್ನು ಮೊದಲ ದಿನ ಪಾಳಿಯ 20% ಹೊತ್ತು ಮಾತ್ರ ಬಿಸಿಗೆ ಹಾಕಿ, ದಿನಕ್ಕೆ 20% ಏರಿಸಿ. ಮೈ ಒಗ್ಗುವ ಮೊದಲೇ ಪೂರ್ತಿ ಪಾಳಿ ಕೊಡುವುದರಿಂದಲೇ ಬಹಳ ಜನ ಕುಸಿಯುತ್ತಾರೆ. ಯಾರಾದರೂ ಅಸಂಬದ್ಧ ಮಾತಾಡತೊಡಗಿದರೆ ಅದು ಬರೀ ಸುಸ್ತಲ್ಲ: ನೆರಳಿಗೆ ಒಯ್ದು, ಮೈಗೆಲ್ಲ ತಣ್ಣೀರು ಹಾಕುತ್ತಲೇ ಆಂಬುಲೆನ್ಸ್ ಕರೆಸಿ.

ಮರಳಿನ ದೂಳನ್ನು ಏರ್ ಗನ್‌ನಿಂದ ಊದುವುದು ಇವತ್ತೇ ನಿಲ್ಲಲಿ. ಆ ದೂಳಿನಲ್ಲಿರುವ ಸಿಲಿಕಾ ಪುಪ್ಪಸಕ್ಕೆ ಮಾಡಿದ ಗಾಯ ವಾಸಿಯಾಗುವುದಿಲ್ಲ. ನೀರು ಚಿಮುಕಿಸಿ ಗುಡಿಸಿ.

ತಪಾಸಣೆಯಲ್ಲಿ ಬಿಪಿ ತಪ್ಪಾಗಿ ಬರಲು ಅವಸರವೇ ಕಾರಣ. ಅಳೆಯುವುದಕ್ಕೆ ಮುಂಚಿನ ಅರ್ಧ ತಾಸು ಚಹಾ, ತಂಬಾಕು ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಕೂರಿಸಿ, ಪಾದ ನೆಲಕ್ಕಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಿರಿ. 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ಮತ್ತೆ ನೋಡಿ. ವರದಿ ಸೂಪರ್‌ವೈಸರ್ ಕೈಗೆ ಹೋಗಲೇಬಾರದು. ಸಕ್ಕರೆ ಕಾಯಿಲೆ ಗೊತ್ತಾದರೆ ಕೆಲಸ ಹೋಗುತ್ತದೆಂಬ ಹೆದರಿಕೆಯೇ ಹಿಂಜರಿಕೆಯ ಮೂಲ. ಮುಚ್ಚಿದ ಲಕೋಟೆಯಲ್ಲಿ ಅವರವರಿಗೇ ಕೊಡಿ, ನಿಮಗೆ ಹೆಸರಿಲ್ಲದ ಒಟ್ಟು ಲೆಕ್ಕ ಸಾಕು.

ತಿಂಗಳ ಪಗಾರ ₹21,000 ಒಳಗಿರುವವರ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನೋಂದಣಿಯಲ್ಲಿ ಹೆಂಡತಿ, ಮಕ್ಕಳ ಹೆಸರೂ ಸೇರಿದೆಯೇ ನೋಡಿ. ಬಿಪಿ ಹೆಚ್ಚು ಬಂದವರು ಇಎಸ್‌ಐ ದವಾಖಾನೆಗೆ ಹೋಗಲು ಕೇಳಿದರೆ, ಕಾರಣ ಕೆದಕದೆ ಅರ್ಧ ದಿನದ ಸಂಬಳಸಹಿತ ರಜೆ ಕೊಡಿ. ಅದಿಲ್ಲದಿದ್ದರೆ ಆ ಅಂಕಿ ಚೀಟಿಯಲ್ಲೇ ಉಳಿಯುತ್ತದೆ.

ಗುಟ್ಕಾ, ತಂಬಾಕಿಗೆ ದಂಡ ಹಾಕಬೇಡಿ, ಕದ್ದು ತಿನ್ನುತ್ತಾರೆ. ಬಿಡಲು ಮನಸ್ಸಿದ್ದವರಿಗೆ 1800-11-2356 ಉಚಿತ ಸಹಾಯವಾಣಿ ಇದೆ. ಚಹಾ ಬಿಡುವಿನಲ್ಲಿ ಫೋನ್ ಮಾಡಲು ಹತ್ತು ನಿಮಿಷ ಹೆಚ್ಚು ಕೊಡಿ.