ಲಿಪಿಕಾರರ ಕೈಯಲ್ಲಿ ಹುಟ್ಟಿದ ಪ್ರಾಸ

ಪ್ರಶ್ನೆ: ಇಟಾಲಿಯನ್ ಕಾವ್ಯ ‘ಡಿವೈನ್ ಕಾಮಿಡಿ’ ಬರೆದ ದಾಂತೆಯಿಂದ ಶುರುವಾಯಿತು ಎನ್ನುತ್ತಾರೆ. ಅಂಥವನ ಕಾವ್ಯದಲ್ಲೇ ಕೆಲವೆಡೆ ಪ್ರಾಸ ಕೂಡುವುದಿಲ್ಲವಲ್ಲ, ಏಕೆ?

ಉತ್ತರ: ಶುರುವಾದದ್ದು ಸಿಸಿಲಿಯಲ್ಲಿ. ದಾಂತೆ ಹುಟ್ಟಿದ್ದು 1265ರಲ್ಲಿ. ಅದಕ್ಕೂ ಒಂದು ತಲೆಮಾರು ಮೊದಲೇ ಚಕ್ರವರ್ತಿ ಎರಡನೆಯ ಫ್ರೆಡ್ರಿಕನ ಆಸ್ಥಾನದ ಅಧಿಕಾರಿಗಳು ದೇಶಭಾಷೆಯಲ್ಲಿ ಪ್ರೇಮಗೀತೆ ಬರೆಯುತ್ತಿದ್ದರು. ನಾವು ಸುನೀತ ಎನ್ನುವ ಸಾನೆಟ್ಟನ್ನು ರೂಪಿಸಿದವನೆಂದು ಹೆಸರಾದ ಜಾಕೊಮೊ ದಾ ಲೆಂತೀನಿ ಅಲ್ಲಿನ ದಸ್ತಾವೇಜು ಬರೆಯುವ ಅಧಿಕಾರಿ. ಈ ಋಣವನ್ನು ದಾಂತೆಯೇ ತನ್ನ ಭಾಷಾಗ್ರಂಥದಲ್ಲಿ ಒಪ್ಪಿಕೊಂಡಿದ್ದಾನೆ.

ಈಗ ಪ್ರಾಸದ ಮಾತು. ಇಟಾಲಿಯನ್‌ನಲ್ಲಿ ಸಾಲಿನ ಕೊನೆಯ ಒತ್ತು ಬಿದ್ದ ಸ್ವರದಿಂದ ಮುಂದೆ ಎಲ್ಲವೂ ಹೊಂದಬೇಕು. ಸಿಸಿಲಿಯ ನುಡಿಯಲ್ಲಿ ‘ಅವೀರಿ’, ‘ಸೆರ್ವೀರಿ’ ಚೆನ್ನಾಗಿಯೇ ಹೊಂದುತ್ತವೆ. ಆದರೆ ಈ ಹಾಡುಗಳನ್ನು ಪ್ರತಿ ಮಾಡಿದ ಮಧ್ಯ ಇಟಲಿಯ ತಸ್ಕನಿ ಸೀಮೆಯ ಲಿಪಿಕಾರರು ಮಾತುಗಳನ್ನು ತಮ್ಮ ನುಡಿಗೆ ತಿರುಗಿಸಿಕೊಂಡರು. ಅವೇ ಪದಗಳು ‘ಅವೇರೆ’, ‘ಸೆರ್ವೀರೆ’ ಆದವು, ಪ್ರಾಸ ಕೆಟ್ಟಿತು. ಆ ಪ್ರತಿಗಳನ್ನೇ ಓದಿ ಬೆಳೆದ ಕವಿಗಳು, ಹಿರಿಯರು ‘ಎ’ಗೆ ‘ಇ’, ‘ಒ’ಗೆ ‘ಉ’ ಕೂಡಿಸಿದ್ದಾರೆ, ನಾವೂ ಕೂಡಿಸಬಹುದು ಎಂದುಕೊಂಡರು. ಲಿಪಿಕಾರರು ಕೆಡಿಸಿದ್ದೇ ಕವಿಗಳಿಗೆ ಸಲುಗೆಯಾಯಿತು. ‘ಡಿವೈನ್ ಕಾಮಿಡಿ’ಯ ನರಕಕಾಂಡದ ಹತ್ತನೆಯ ಸರ್ಗದಲ್ಲಿ ದಾಂತೆ ‘ನೋಮೆ’, ‘ಕೋಮೆ’ಗಳ ಜತೆ ‘ಲೂಮೆ’ ಇಟ್ಟದ್ದು ಈ ಸಲುಗೆಯಿಂದಲೇ. ಸಿಸಿಲಿಯ ಮೂಲರೂಪದಲ್ಲೇ ನಮಗೆ ಇಡಿಯಾಗಿ ದಕ್ಕಿರುವುದು ಅಲ್ಲಿನ ಕವಿ ಸ್ತೆಫಾನೊ ಪ್ರೊತೊನೊತಾರೊನ ಒಂದು ಗೀತೆ, ಅದೂ 16ನೆಯ ಶತಮಾನದ ವಿದ್ವಾಂಸನೊಬ್ಬ ಬರೆದಿಟ್ಟುಕೊಂಡದ್ದರಿಂದ. ಎಷ್ಟು ಕಳೆದುಹೋಯಿತೆಂದು ನೆನೆದರೆ ಸಂಕಟವಾಗುತ್ತದೆ.

ಪ್ರಶ್ನೆ: ದಾಂತೆಯ ಸಾಲಿಗೆ 11 ಅಕ್ಷರ ಎನ್ನುತ್ತಾರೆ. ‘ಡಿವೈನ್ ಕಾಮಿಡಿ’ಯ ಎರಡನೆಯ ಸಾಲನ್ನು, ‘ಮಿ ರಿತ್ರೊವಾಯ್ ಪೆರ್ ಊನ ಸೆಲ್ವ ಓಸ್ಕೂರ’, ಎಣಿಸಿದರೆ 12 ಬರುತ್ತದೆ. ತಪ್ಪೆಲ್ಲಿ?

ಉತ್ತರ: ಲಘು-ಗುರು ಮರೆತುಬಿಡಿ, ಇಲ್ಲಿ ಮಾತ್ರೆಯ ಲೆಕ್ಕವಿಲ್ಲ. ಆ ಸಾಲನ್ನು ಹೀಗೆ ಬಿಡಿಸಿ: ಮಿ, ರಿ, ತ್ರೊ, ವಾಯ್, ಪೆರ್, ಊ, ನ, ಸೆಲ್, ವಓ, ಸ್ಕೂ, ರ. ‘ಸೆಲ್ವ’ದ ಕೊನೆಯ ಸ್ವರ, ‘ಓಸ್ಕೂರ’ದ ಮೊದಲ ಸ್ವರ ಒಂದೇ ಉಸಿರಿಗೆ ಸೇರಿ ಒಂದಕ್ಷರವಾಗುತ್ತವೆ. ನಮ್ಮ ಲೋಪಸಂಧಿಯಂತೆ ಒಂದು ಸ್ವರ ಬಿದ್ದುಹೋಗುವುದಿಲ್ಲ, ಬರಹದಲ್ಲಿ ಎರಡೂ ಹಾಗೇ ಇರುತ್ತವೆ. ಎಣಿಸುವವರು ಎಡವುವುದು ಅಲ್ಲೇ. ಇನ್ನೊಂದು ಗುರುತು: ಕೊನೆಯ ಒತ್ತು ಹತ್ತನೆಯ ಅಕ್ಷರದ ಮೇಲೆ, ಅಂದರೆ ‘ಸ್ಕೂ’ ಮೇಲೆ, ಬೀಳಬೇಕು. ಬೀಳದಿದ್ದರೆ ಎಣಿಕೆಯಲ್ಲಿ ಎಲ್ಲೋ ಜಾರಿದ್ದೀರಿ.

ಪ್ರಶ್ನೆ: ದಾಂತೆಯ ಮೂರು ಸಾಲಿನ ಸರಪಳಿ ಪ್ರಾಸದಿಂದ ಏನು ಪ್ರಯೋಜನ?

ಉತ್ತರ: ಕಿವಿಗೆ ಮುಂದಿನ ಪದ್ಯದ ಹಸಿವು ಹುಟ್ಟಿಸುವುದು ಒಂದು. ಪ್ರತಿ ಪದ್ಯದ ನಡುಸಾಲಿನ ಪ್ರಾಸ ಮುಂದಿನ ಪದ್ಯದ ಮೊದಲ, ಮೂರನೆಯ ಸಾಲುಗಳಿಗೆ ಹೋಗುತ್ತದೆ. ಸರ್ಗದ ಕೊನೆಗೆ ಒಂಟಿ ಸಾಲು ಬಂದು ಗಂಟು ಹಾಕುತ್ತದೆ. ಮೊದಲ ಸರ್ಗದಲ್ಲಿ 45 ತ್ರಿಪದ್ಯ, ಜತೆಗೆ ಒಂದು ಸಾಲು, ಒಟ್ಟು 136.

ಕಾವ್ಯದ ಪಾಠವನ್ನು, ಅಂದರೆ ಮೂಲದ ಮಾತುಗಳನ್ನು, ಉಳಿಸಿದ್ದು ಇನ್ನೊಂದು ಪ್ರಯೋಜನ. ಲಿಪಿಕಾರ ಒಂದು ಪದ್ಯ ಬಿಟ್ಟರೂ ತನ್ನದೊಂದನ್ನು ತುರುಕಿದರೂ ಕೊಂಡಿ ತಪ್ಪುತ್ತದೆ, ಸಿಕ್ಕಿಬೀಳುತ್ತಾನೆ. ಸಾಲಿನ ಒಳಗೆ ಒಂದು ಪದ ಬದಲಿಸಿದರೆ ಮಾತ್ರ ಸರಪಳಿ ಏನೂ ಮಾಡಲಾರದು. ದಾಂತೆಯ ಸ್ವಹಸ್ತದ ಒಂದು ಸಾಲೂ ಉಳಿದಿಲ್ಲವಾದ್ದರಿಂದ, 14,233 ಸಾಲುಗಳ ಈ ಕಾವ್ಯದ ಪಾಠಾಂತರಗಳ ಚರ್ಚೆ ಇವತ್ತಿಗೂ ನಡೆಯುತ್ತಿರುವುದು ಇಂಥ ಪದಗಳ ಮೇಲೆಯೇ.