ಗೈರು ಒಬ್ಬಳದು, ಬೈಗುಳ ಇಡೀ ಸಮಾಜಕ್ಕೆ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಲಾಗಿದೆ.)

ಲಲಿತಾ, 34 ವರ್ಷ. ಯಲ್ಲಾಪುರ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಬುಡಕಟ್ಟು) ಮಹಿಳೆ. ಪರಿಶಿಷ್ಟ ಪಂಗಡದ ಮೀಸಲು ಸ್ಥಾನದಿಂದ ಗೆದ್ದ ಗ್ರಾಮ ಪಂಚಾಯತಿ ಸದಸ್ಯೆ. ನಿದ್ದೆ ಬರುವುದಿಲ್ಲವೆಂದು ಶಿರಸಿಗೆ ಆಪ್ತಸಲಹೆಗೆ ಬಂದಿದ್ದರು. ಸಭೆಯ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ, ಸಭೆಯಲ್ಲಿ ಮಾತು ಬರುವುದಿಲ್ಲ. “ನಾ ಒಂದ್ ಮಾತು ತಪ್ಪಿದ್ರೆ ಸಾಕು ಮೇಡಂ, ಸಿದ್ದಿಗಳಿಗೆ ಇಷ್ಟೇ ತಿಳಿಯೂದು ಅಂತಾರೆ.”

ಆತ್ಮವಿಶ್ವಾಸದ ಕೊರತೆ ಎಂದು ಬರೆದು ಮುಗಿಸುವುದು ಸುಲಭ, ಆದರೆ ತಪ್ಪು. ಈ ಅಂಜಿಕೆಗೆ ಕಾರಣ ಹೊರಗಿದೆ. ಅದೇ ಪಂಚಾಯತಿಯ ಇನ್ನೊಬ್ಬ ಸದಸ್ಯ ಎರಡು ಸಭೆ ತಪ್ಪಿಸಿದರೆ ‘ಅಡಿಕೆ ಕೊಯ್ಲಿತ್ತು ಪಾಪ’. ಇವರು ಒಂದು ತಪ್ಪಿಸಿದರೆ ‘ನಿಮ್ಮ ಜನಕ್ಕೆ ಜವಾಬ್ದಾರಿ ಇಲ್ಲ’. ಕೆಲಸ ಚೆನ್ನಾಗಿ ಮಾಡಿದರೆ ‘ನೀನು ಅವರ ಹಂಗಲ್ಲ ಬಿಡು’. ತಪ್ಪು ಸಮುದಾಯದ ಖಾತೆಗೆ, ಒಳ್ಳೆಯದು ಅವಳೊಬ್ಬಳ ಖಾತೆಗೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದನ್ನೇ ತೋರಿಸಿ ‘ನಿಮಗಿನ್ನೇನು ಕಮ್ಮಿ’ ಎನ್ನುವವರೂ ಇದ್ದರು.

ಮೊದಲು ಕೊಟ್ಟದ್ದು ಅದಲುಬದಲು ಪ್ರಶ್ನೆ: ಇದೇ ಕೆಲಸವನ್ನು ಬೇರೆ ಜಾತಿಯ ಸದಸ್ಯ ಮಾಡಿದ್ದರೆ ಇದೇ ಮಾತು ಬರುತ್ತಿತ್ತೇ? ಉದಾಹರಣೆಗೆ, ‘ನೀವು ಮೂಲ ಎಲ್ಲಿಯವರು’ ಎಂಬ ಪ್ರಶ್ನೆ. ಆಫ್ರಿಕಾದಿಂದ ಗುಲಾಮರಾಗಿ ಬಂದು ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶದವರಿಗೆ ಅದು ಇಂದಿಗೂ ತಪ್ಪಿಲ್ಲ. ಪೋರ್ಚುಗೀಸರ ಕಾಲದಲ್ಲಿ ಅದೇ ಗೋವೆ ಬಿಟ್ಟು ಕಾರವಾರ, ಅಂಕೋಲಾ, ಕುಮಟಾಕ್ಕೆ ಬಂದ ಕೊಂಕಣಿ ಕುಟುಂಬಗಳನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಮಾಡಿ ಬರೆಯಬೇಕು: ನಡೆದದ್ದು, ನನಗೆ ಸಿಕ್ಕ ಉತ್ತರ, ಬೇರೆಯವರಿಗೆ ಸಿಕ್ಕ ಉತ್ತರ. ಹಗಲು ಹೊತ್ತು, ಹತ್ತು ನಿಮಿಷ, ಅಷ್ಟೇ. ರಾತ್ರಿ ಬರೆದರೆ ಅವಮಾನ ಮೆಲುಕು ಹಾಕಿ ನಿದ್ದೆ ಇನ್ನೂ ಕೆಡುತ್ತದೆ. ಮೂರನೇ ಅಂಕಣ ಖಾಲಿಯಿದ್ದರೆ ತಾರತಮ್ಯವೆಂದು ತೀರ್ಮಾನಿಸಬಾರದು. ಲಲಿತಾ ಅವರ ಪಟ್ಟಿಯಲ್ಲಿ ಆ ಅಂಕಣ ತುಂಬಿದ ಮೇಲೆಯೇ ತಿಳಿಯಿತು: ಸಭೆಯ ನೋಟಿಸು ತಡವಾಗಿ ಬರುತ್ತಿದ್ದದ್ದು ಎಲ್ಲರಿಗೂ. ಮಾತಿಗೆ ಅವಕಾಶ ಕೊಡದಿದ್ದದ್ದು ಇವರೊಬ್ಬರಿಗೆ.

ಸಭೆಗೆ ಒಂದೇ ವಾಕ್ಯ ಅಭ್ಯಾಸ ಮಾಡಿಸಲಾಯಿತು, ಎದುರು ಕುರ್ಚಿಯಲ್ಲಿ ಅಧ್ಯಕ್ಷರಂತೆ ಒಬ್ಬರನ್ನು ಕೂರಿಸಿ: “ಈ ನಿಯಮ ಎಲ್ಲರಿಗೋ, ನನಗೊಬ್ಬಳಿಗೋ? ಉತ್ತರ ನಡಾವಳಿಯಲ್ಲಿ ಬರೆಯಿರಿ.” ಜಾತಿಯ ಮಾತು ಎತ್ತಿದರೆ ಚರ್ಚೆ ‘ನಮ್ಮನ್ನು ಜಾತಿವಾದಿ ಅಂದಳು’ ಎಂಬ ಕಡೆ ತಿರುಗುತ್ತದೆ. ನಿಯಮ ಕೇಳಿದರೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಉತ್ತರ ತಪ್ಪಿಸುವುದು ಕಷ್ಟ. ಬರೆಯದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ನಡಾವಳಿಯ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನ.

ಕಾನೂನಿನ ದಾರಿಯನ್ನೂ ಹೇಳಲಾಯಿತು, ಒತ್ತಾಯವಿಲ್ಲದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಎಂ) ಪ್ರಕಾರ, ಪರಿಶಿಷ್ಟರಾದ ಪಂಚಾಯತಿ ಸದಸ್ಯರನ್ನು ಕರ್ತವ್ಯ ಮಾಡದಂತೆ ಬೆದರಿಸುವುದು, ತಡೆಯುವುದು ಅಪರಾಧ. ಜಾತಿ ಹೆಸರೆತ್ತಿ ಬೈದದ್ದಕ್ಕೆ ದೂರು ಕೊಡುವುದಾದರೆ ಅದು ಸಾರ್ವಜನಿಕರಿಗೆ ಕಾಣುವಂಥ ಜಾಗದಲ್ಲಿ ನಡೆದಿರಬೇಕು. ಇಬ್ಬರ ನಡುವಿನ ಫೋನ್ ಮಾತಿನ ಮೇಲೆ ದೂರು ನಿಲ್ಲುವುದು ಕಷ್ಟ. ಸಹಾಯವಾಣಿ 14566. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ.

ನಿದ್ದೆಗೆ ಮಾಮೂಲಿ ಸಲಹೆ: ಏಳುವ ಹೊತ್ತು ಬದಲಿಸಬೇಡಿ, ಮಧ್ಯಾಹ್ನದ ಮೇಲೆ ಚಹಾ ಬೇಡ.

ಕಷ್ಟವಾದದ್ದು ಮನೆಯ ಕಡೆ. ‘ನಮ್ಮವಳಾಗಿ ನಮ್ಮ ಕೇರಿಗೇ ಬಾವಿ ತರಲಿಲ್ಲ’ ಎಂದು ಸ್ವಂತ ಸಮುದಾಯದ ಸಂಘದವರೇ ಜರೆಯುತ್ತಿದ್ದರು. ಹಿಂದಿನ ಗಂಡಸು ಸದಸ್ಯನಿಗೆ ಅವರು ಈ ಲೆಕ್ಕ ಕೇಳಿರಲಿಲ್ಲ. ಅಲ್ಲಿಗೂ ಅದೇ ನೋಟ್‌ಬುಕ್ ಒಯ್ಯಲು ಹೇಳಿದಾಗ ಲಲಿತಾ ಒಪ್ಪಲಿಲ್ಲ, ಹೊರಗಿನವರ ಎದುರು ಸಮಾಜ ಒಡೆದಂತೆ ಕಾಣುತ್ತದೆ ಎಂದರು. ಆ ಭಯ ಸುಳ್ಳಲ್ಲ. ಹಾಗಾಗಿ ಸಂಘದ ಹಿರಿಯಕ್ಕ ಒಬ್ಬರ ಜೊತೆ ಮೊದಲು ಮಾತಾಡುವುದೆಂದಾಯಿತು, ಬಾವಿಯ ಅರ್ಜಿ ಎಲ್ಲಿ ನಿಂತಿದೆ ಎಂಬ ಕಾಗದ ಕೈಯಲ್ಲಿ ಹಿಡಿದು.